ಅಜ್ಜಿಯ ಮೂಗು, ಗ್ಯಾಸ್ ವಾಸನೆ ಮತ್ತು 400 ರಿಸೆಪ್ಟರ್‌ಗಳು

ಕಳೆದ ದಸರಾ ರಜೆಗೆ ಊರಿಗೆ ಹೋಗಿದ್ದೆ. ನಮ್ಮೂರು ತಿಪಟೂರು ಹತ್ತಿರ. ಬೆಳಿಗ್ಗೆ ಏಳೂವರೆ ಇರಬೇಕು, ಹಿತ್ತಲಲ್ಲಿ ಹಲ್ಲುಜ್ಜಿಕೊಂಡು ಒಳಗೆ ಕಾಲಿಡ್ತಿದ್ದ ಹಾಗೇ ಮೂಗಿಗೆ ಗಪ್ ಅಂತ ಗ್ಯಾಸ್ ವಾಸನೆ ಹೊಡೀತು. ಅಡುಗೆಮನೇಲಿ ಅಜ್ಜಿ ನೆಲದ ಮೇಲೆ ಕೂತು ಈಳಿಗೆಮಣೇಲಿ ಹುರುಳಿಕಾಯಿ ಹೆಚ್ಚುತ್ತಾ ಇದ್ರು. ಸ್ಟವ್ ಮೇಲೆ ಹಾಲು ಉಕ್ಕಿ, ಬರ್ನರ್ ಮೇಲೆಲ್ಲ ಚೆಲ್ಲಿ, ಉರಿ ಆರಿಹೋಗಿತ್ತು. ನಾಬ್ ಮಾತ್ರ ಹಾಗೇ ಆನ್ ಇತ್ತು.

ಓಡಿಹೋಗಿ ನಾಬ್ ತಿರುಗಿಸಿ, ರೆಗ್ಯುಲೇಟರ್ ಆಫ್ ಮಾಡಿದೆ. "ಫ್ಯಾನ್ ಹಾಕೋ, ಹೋಗ್ಲಿ" ಅಂದ್ರು ಅಜ್ಜಿ. ನನ್ನ ಕೈ ಸ್ವಿಚ್ ತನಕ ಹೋಗೇ ಬಿಟ್ಟಿತ್ತು. ಸ್ವಿಚ್ ಒತ್ತಿದಾಗ ಒಳಗೆ ಆಗೋ ಸಣ್ಣ ಕಿಡಿ ನೆನಪಾಗಿ ಕೈ ಹಿಂದಕ್ಕೆ ತಗೊಂಡೆ. ಕಿಟಕಿ, ಹಿತ್ತಿಲ ಬಾಗಿಲು ಎಲ್ಲ ತೆಗೆದು ಅಜ್ಜೀನ ಜಗಲಿಗೆ ಕರ್ಕೊಂಡು ಬಂದೆ. ಎಲ್‌ಪಿಜಿ ಗಾಳಿಗಿಂತ ಭಾರ, ಹಾಗಾಗಿ ಅದು ನೆಲದ ಹತ್ತಿರವೇ ಸೇರಿಕೊಳ್ಳುತ್ತೆ. ಅಂದ್ರೆ ಅಜ್ಜಿ ಕೂತಿದ್ದು ಸರಿಯಾಗಿ ಅದರ ಮಧ್ಯೆ.

"ನಂಗೇನೂ ಗೊತ್ತೇ ಆಗ್ಲಿಲ್ವಲ್ಲೋ" ಅಂತ ಅಜ್ಜಿ ಎರಡು ಮೂರು ಸಲ ಹೇಳಿದ್ರು. 2021ರಲ್ಲಿ ಕೋವಿಡ್ ಬಂದಾಗ ಅವರಿಗೆ ವಾಸನೆ ಹೋಗಿತ್ತು. ಪೂರ್ತಿ ವಾಪಸ್ ಬಂದಿರಲಿಲ್ಲ ಅಂತ ಮನೇಲಿ ಎಲ್ಲರಿಗೂ ಗೊತ್ತಿತ್ತು, ಆದ್ರೆ ಯಾರೂ ಅದನ್ನ ದೊಡ್ಡ ವಿಷಯ ಅಂದುಕೊಂಡಿರಲಿಲ್ಲ. ಕಣ್ಣು ಮಂಜಾದ್ರೆ ಡಾಕ್ಟರ್ ಹತ್ರ ಹೋಗ್ತೀವಿ. ಮೂಗು ಹೋದ್ರೆ "ವಯಸ್ಸಾಯ್ತು" ಅಂತೀವಿ. ಇದೇ ಅಜ್ಜಿ ಮೊದಲು ಕೊಬ್ಬರಿ ಗಿಟುಕನ್ನ ಒಡೆದು ಮೂಗಿನ ಹತ್ತಿರ ಹಿಡಿದು "ಕಮಟು ಬಂದಿದೆ, ಬೇಡ" ಅಂತ ಪಕ್ಕಕ್ಕೆ ಎಸೀತಿದ್ರು. ನಮಗೆ ಯಾರಿಗೂ ಆ ಕಮಟು ಗೊತ್ತಾಗ್ತಿರಲಿಲ್ಲ.

ಹಾಸ್ಟೆಲ್‌ಗೆ ವಾಪಸ್ ಬಂದ ಮೇಲೆ ಒಂದೇ ಪ್ರಶ್ನೆ ತಲೇಲಿ ಕೂತಿತ್ತು: ನನ್ನ ಮೂಗಲ್ಲಿ ಆವತ್ತು ನಿಜವಾಗಿ ಏನಾಯ್ತು, ಅಜ್ಜಿ ಮೂಗಲ್ಲಿ ಏನು ಆಗಲಿಲ್ಲ? ನಾನು ಇಸಿಇ ವಿದ್ಯಾರ್ಥಿ, ಬಯಾಲಜಿ ಬಿಟ್ಟು ಎರಡು ವರ್ಷದ ಮೇಲಾಯ್ತು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ ಬೇರೆ, ಹಾಗಾಗಿ ರಿಸೆಪ್ಟರ್‌ಗೆ ರಿಸೆಪ್ಟರ್ ಅಂತಲೇ ಬರೀತೀನಿ, ಕನ್ನಡ ಮೇಷ್ಟ್ರು ಕ್ಷಮಿಸಬೇಕು.

ಮೊದಲು ಗ್ಯಾಸ್ ವಿಷಯ. ಎಲ್‌ಪಿಜಿ ಅಂದ್ರೆ ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್. ಇವೆರಡಕ್ಕೂ ಹೇಳಿಕೊಳ್ಳುವಂಥ ವಾಸನೆ ಇಲ್ಲ. ನಾವು "ಗ್ಯಾಸ್ ವಾಸನೆ" ಅನ್ನೋದು ಗ್ಯಾಸಿನ ವಾಸನೆಯೇ ಅಲ್ಲ, ಬೇಕು ಅಂತಲೇ ಸೇರಿಸಿದ ಈಥೈಲ್ ಮರ್ಕ್ಯಾಪ್ಟನ್ ಅನ್ನೋ ವಸ್ತುವಿನದು. ಎರಡು ಕಾರ್ಬನ್, ಅದರ ತುದಿಗೆ ಒಂದು ಗಂಧಕ, ಗಂಧಕಕ್ಕೆ ಅಂಟಿಕೊಂಡ ಒಂದು ಹೈಡ್ರೋಜನ್, ಇಷ್ಟೇ ಅಣು. ಕೊಳೆತ ಕೋಸಿನ ಥರ ನಾತ. ನೂರು ಕೋಟಿ ಅಣುಗಳ ಗಾಳಿಯಲ್ಲಿ ಇದು ಕೆಲವೇ ಅಣುಗಳಷ್ಟು ಇದ್ದರೂ ನಮ್ಮ ಮೂಗಿಗೆ ಸಿಗುತ್ತೆ. ಗ್ಯಾಸ್ ಹೊತ್ತಿಕೊಳ್ಳುವ ಮಟ್ಟದ ಐದನೇ ಒಂದು ಭಾಗ ಸೋರಿದಾಗಲೇ ಸಾಮಾನ್ಯ ಮೂಗಿಗೆ ಗೊತ್ತಾಗಬೇಕು ಅನ್ನೋ ಲೆಕ್ಕದಲ್ಲಿ ಇದನ್ನ ಸೇರಿಸ್ತಾರೆ. ಅಂದ್ರೆ ಈ ಇಡೀ ಸುರಕ್ಷತಾ ವ್ಯವಸ್ಥೆಯ ಸೆನ್ಸರ್ ಮನುಷ್ಯನ ಮೂಗು. ಆ ಮೂಗು ಕೆಲಸ ಮಾಡದೇ ಇದ್ರೆ ಬ್ಯಾಕಪ್ ಏನೂ ಇಲ್ಲ.

ಈ ಸೆನ್ಸರ್ ಇರೋದು ಎಲ್ಲಿ? ಮೂಗಿನ ತುದಿಯಲ್ಲಿ ಅಲ್ಲ, ಮೇಲ್ಗಡೆ, ಹೆಚ್ಚುಕಡಿಮೆ ಎರಡು ಕಣ್ಣುಗಳ ನಡುವಿನ ಮಟ್ಟದಲ್ಲಿ ಒಂದು ಚಿಕ್ಕ ಪೊರೆ. ಅದರಲ್ಲಿ ಲಕ್ಷಗಟ್ಟಲೆ ನರಕೋಶಗಳು. ಪ್ರತಿ ಕೋಶದ ತುದಿಯಿಂದ ಕೂದಲಿಗಿಂತ ತೆಳುವಾದ ಎಳೆಗಳು ಹೊರಟು ಸಿಂಬಳದ ಪದರದಲ್ಲಿ ತೇಲಾಡ್ತಾ ಇರುತ್ತವೆ. ಆ ಎಳೆಗಳ ಮೈಮೇಲೆ ರಿಸೆಪ್ಟರ್ ಪ್ರೋಟೀನ್‌ಗಳು ಕೂತಿವೆ. ಇದೊಂದು ವಿಚಿತ್ರ ಅಲ್ವಾ? ಮೆದುಳಿಗೆ ನೇರ ತಂತಿ ಇರೋ ನರಕೋಶ ಹೊರಗಿನ ಗಾಳಿಗೆ ಹೀಗೆ ತೆರೆದುಕೊಂಡಿರೋದು ದೇಹದಲ್ಲಿ ಬೇರೆಲ್ಲೂ ಇಲ್ಲ.

ಈ ಪ್ರೋಟೀನ್‌ಗಳನ್ನ ಪತ್ತೆ ಮಾಡಿದ್ದು 1991ರಲ್ಲಿ, ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್. ಅವರು ಹುಡುಕಿದ ರೀತಿ ನನಗೆ ತುಂಬ ಹಿಡಿಸಿತು, ಯಾಕಂದ್ರೆ ಅದು ಒಳ್ಳೇ ಡಿಬಗ್ಗಿಂಗ್ ಥರ ಇದೆ. ಸಾವಿರಾರು ಜೀನ್‌ಗಳಲ್ಲಿ ಒಂದೊಂದಾಗಿ ನೋಡೋ ಬದಲು ಮೂರು ಊಹೆ ಇಟ್ಟುಕೊಂಡ್ರು. ಒಂದು, ಈ ಪ್ರೋಟೀನ್ ಆಗಲೇ ಗೊತ್ತಿರೋ ಜಿಪಿಸಿಆರ್ ಅನ್ನೋ ಕುಟುಂಬದ್ದು ಇರಬೇಕು. ಎರಡು, ವಾಸನೆಗಳು ಇಷ್ಟೊಂದು ಇರೋದ್ರಿಂದ ಇವೂ ಒಂದೆರಡಲ್ಲ, ದೊಡ್ಡ ಗುಂಪೇ ಇರಬೇಕು. ಮೂರು, ಮೂಗಿನ ಆ ಪೊರೆಯಲ್ಲಿ ಮಾತ್ರ ಇರಬೇಕು. ಮೂರೂ ಷರತ್ತಿಗೆ ಹೊಂದೋದನ್ನ ಇಲಿಯ ಮೂಗಿನಲ್ಲಿ ಪಿಸಿಆರ್ ಮಾಡಿ ಹುಡುಕಿದಾಗ ಒಂದು ದೊಡ್ಡ ಜೀನ್ ಕುಟುಂಬವೇ ಸಿಕ್ತು. 2004ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಮನುಷ್ಯರಲ್ಲಿ ಕೆಲಸ ಮಾಡೋ ವಾಸನೆ ರಿಸೆಪ್ಟರ್ ಜೀನ್‌ಗಳು ಸುಮಾರು 400. ಪ್ರೋಟೀನ್ ಮಾಡೋ ನಮ್ಮ ಜೀನ್‌ಗಳು ಒಟ್ಟು 20,000 ಅಂತ ಇಟ್ಟುಕೊಂಡ್ರೆ ನೂರಕ್ಕೆ ಎರಡು ಬರೀ ಮೂಗಿಗೆ ಮೀಸಲು. ಇದರ ಜೊತೆಗೆ ಕಾಲಕ್ರಮೇಣ ಕೆಟ್ಟು ಸುಮ್ಮನೆ ಬಿದ್ದಿರೋ ಜೀನ್‌ಗಳೂ ನೂರಾರು ಇವೆ. ಇಲಿಗೆ ಸಾವಿರದ ಆಸುಪಾಸು, ಆಫ್ರಿಕಾದ ಆನೆಗೆ ಸುಮಾರು 2000 ಕೆಲಸ ಮಾಡೋ ಜೀನ್‌ಗಳಿವೆ. ಸೊಂಡಿಲು ಸುಮ್ಮನೆ ಅಲ್ಲ.

ಒಂದೊಂದು ಪ್ರೋಟೀನೂ ಸುಮಾರು 310ರಿಂದ 320 ಅಮೈನೋ ಆಸಿಡ್‌ಗಳ ಒಂದು ಸರ. ಈ ಸರ ಕೋಶದ ಪೊರೆಯನ್ನ ಏಳು ಸಲ ದಾಟುತ್ತೆ. ಹೊರಗಿಂದ ಒಳಗೆ, ಒಳಗಿಂದ ಹೊರಗೆ, ಹೀಗೆ ಗೋಣಿಚೀಲ ಹೊಲಿದ ದಾರದ ಥರ. ಪೊರೆಯೊಳಗಿರೋ ಪ್ರತಿ ಭಾಗವೂ ಸ್ಪ್ರಿಂಗ್‌ನಂತೆ ಸುರುಳಿ ಸುತ್ತಿಕೊಂಡಿರುತ್ತೆ. ಏಳೂ ಸುರುಳಿಗಳು ಒತ್ತಾಗಿ ನಿಂತಾಗ ಮೇಲ್ಭಾಗದಲ್ಲಿ ಒಂದು ಪುಟ್ಟ ಗುಳಿ ಉಂಟಾಗುತ್ತೆ. ವಾಸನೆ ಅಣು ಹೋಗಿ ಕೂರೋದು ಅಲ್ಲಿ. ಅಣು ಕೂತಾಗ ಸುರುಳಿಗಳು ಸ್ವಲ್ಪ ಜರುಗುತ್ತವೆ. ಮುಖ್ಯವಾಗಿ ಆರನೇ ಸುರುಳಿಯ ಕೆಳತುದಿ ಹೊರಕ್ಕೆ ವಾಲಿ, ಕೋಶದ ಒಳಗಡೆ ಜಿ ಪ್ರೋಟೀನ್ ಬಂದು ಕೂರೋಕೆ ಜಾಗ ಮಾಡಿಕೊಡುತ್ತೆ. ನಮ್ಮ ಕಣ್ಣಿನ ರೊಡಾಪ್ಸಿನ್, ಹೃದಯದ ಬಡಿತ ಏರಿಸೋ ಅಡ್ರಿನಲಿನ್‌ನ ರಿಸೆಪ್ಟರ್, ಎಲ್ಲದರ ವಿನ್ಯಾಸವೂ ಇದೇ. ಮನುಷ್ಯರಲ್ಲಿ ಸುಮಾರು 800 ಜಿಪಿಸಿಆರ್‌ಗಳಿವೆ, ಅದರಲ್ಲಿ ಅರ್ಧದಷ್ಟು ಮೂಗಿನವೇ.

ಇಷ್ಟು ಗೊತ್ತಿದ್ರೂ, ಮನುಷ್ಯನ ಒಂದೇ ಒಂದು ವಾಸನೆ ರಿಸೆಪ್ಟರ್‌ನ ನಿಜವಾದ ಮೂರು ಆಯಾಮದ ಚಿತ್ರ ಸಿಗೋಕೆ 2023ರ ಮಾರ್ಚ್ ತನಕ ಕಾಯಬೇಕಾಯ್ತು. ಜೀನ್ ಸಿಕ್ಕಿ 32 ವರ್ಷ! ಕಾರಣ ಏನಂದ್ರೆ ಈ ಪ್ರೋಟೀನ್‌ಗಳು ಮಹಾ ಹಠಮಾರಿಗಳು. ಲ್ಯಾಬ್‌ನಲ್ಲಿ ಬೆಳೆಸೋ ಮಾಮೂಲಿ ಕೋಶದಲ್ಲಿ ಇವನ್ನ ತಯಾರು ಮಾಡಿದ್ರೆ ಪೊರೆಗೆ ಬರೋದೇ ಇಲ್ಲ, ಒಳಗೇ ಸಿಕ್ಕಿಹಾಕಿಕೊಳ್ತವೆ. ಅವುಗಳನ್ನ ಪೊರೆಯ ತನಕ ಕೈಹಿಡಿದು ಕರ್ಕೊಂಡು ಬರೋ ಆರ್‌ಟಿಪಿ1 ಅನ್ನೋ ಸಹಾಯಕ ಪ್ರೋಟೀನ್ 2004ರಲ್ಲಿ ಹಿರೋಆಕಿ ಮತ್ಸುನಾಮಿ ಅವರ ಗುಂಪಿಗೆ ಸಿಕ್ಕಿತ್ತು. ಆದ್ರೂ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ಗೆ ಬೇಕಾದಷ್ಟು ಪ್ರೋಟೀನ್ ಸಿಗೋದು ಕಷ್ಟವಾಗಿತ್ತು.

ಕೊನೆಗೆ ಮತ್ಸುನಾಮಿ ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಆಶೀಷ್ ಮಂಗ್ಲಿಕ್ ಅವರ ತಂಡಗಳು ಆರಿಸಿಕೊಂಡಿದ್ದು ಓಆರ್51ಇ2 ಅನ್ನೋ ರಿಸೆಪ್ಟರ್‌ನ. ಇದು ಮೂಗಲ್ಲಿ ಅಷ್ಟೇ ಅಲ್ಲ, ಪ್ರಾಸ್ಟೇಟ್ ಗ್ರಂಥಿಯಲ್ಲೂ ಇದೆ. ಅಂದ್ರೆ ಮೂಗಿನ ಆಚೆಯ ಕೋಶಗಳಲ್ಲೂ ಬದುಕೋ ಅಭ್ಯಾಸ ಇದಕ್ಕಿದೆ, ಲ್ಯಾಬ್‌ನಲ್ಲೂ ಕಡಿಮೆ ತಕರಾರು ಮಾಡುತ್ತೆ ಅನ್ನೋದು ಲೆಕ್ಕಾಚಾರ. ಅದಕ್ಕೆ ಪ್ರೊಪಿಯೊನೇಟ್ ಕೊಟ್ಟು ಚಿತ್ರ ತೆಗೆದ್ರು. ಪ್ರೊಪಿಯೊನೇಟ್ ಮೂರು ಕಾರ್ಬನ್ನಿನ ಚಿಕ್ಕ ಆಮ್ಲ, ಸ್ವಿಸ್ ಚೀಸ್‌ನ ಹುಳಿ ವಾಸನೆಯಲ್ಲಿ ಇದರ ಪಾಲಿದೆ.

ಚಿತ್ರದಲ್ಲಿ ಕಂಡಿದ್ದು ಚೆನ್ನಾಗಿದೆ. ಪ್ರೊಪಿಯೊನೇಟ್ ಒಂದು ಮುಚ್ಚಿದ ಪುಟ್ಟ ಗುಳಿಯಲ್ಲಿ ಕೂತಿತ್ತು. ಅದರ ಋಣ ಆವೇಶದ ಆಮ್ಲದ ತಲೆಯನ್ನ ಆರನೇ ಸುರುಳಿಯಲ್ಲಿರೋ ಧನ ಆವೇಶದ ಒಂದು ಆರ್ಜಿನಿನ್, 262ನೇ ಸ್ಥಾನದ್ದು, ಗಟ್ಟಿಯಾಗಿ ಹಿಡ್ಕೊಂಡಿತ್ತು. ಅಣುವಿನ ಕಾರ್ಬನ್ ಬಾಲಕ್ಕೆ ಮಾತ್ರ ನೀರು ಇಷ್ಟಪಡದ ಅಮೈನೋ ಆಸಿಡ್‌ಗಳ ಇಕ್ಕಟ್ಟಾದ ಗೂಡು. ಗೂಡು ಚಿಕ್ಕದಾದ್ದರಿಂದ ಬಾಲ ಉದ್ದ ಇರೋ ಆಮ್ಲ ಒಳಗೆ ಹಿಡಿಸೋದಿಲ್ಲ. ಆಮೇಲೆ ಇವರು ಗೋಡೆಯ ಒಂದು ದಪ್ಪ ಅಮೈನೋ ಆಸಿಡ್ ತೆಗೆದು ಅಲ್ಲಿ ಚಿಕ್ಕದನ್ನ ಹಾಕಿದ್ರು. ಗುಳಿ ಅಗಲ ಆಯ್ತು, ಮೊದಲು ತಿರಸ್ಕರಿಸ್ತಿದ್ದ ಉದ್ದ ಬಾಲದ ಆಮ್ಲಗಳಿಗೂ ರಿಸೆಪ್ಟರ್ ಸ್ಪಂದಿಸೋಕೆ ಶುರು ಮಾಡ್ತು. ಒಂದೇ ಅಮೈನೋ ಆಸಿಡ್ ಬದಲಾಗಿದ್ದಕ್ಕೆ ಇಷ್ಟು. ತೆಂಗಿನೆಣ್ಣೆ ಹಳಸಿದಾಗ ಬಿಡುಗಡೆ ಆಗೋದೂ ಇಂಥ ಆಮ್ಲಗಳೇ, ಎಂಟು ಕಾರ್ಬನ್ನಿನದ್ದೂ ಅದರಲ್ಲಿ ಸೇರಿದೆ. ಅಜ್ಜಿ "ಕಮಟು" ಅಂತ ಕರೀತಿದ್ದ ವಾಸನೆ ಹೀಗೆ ಯಾವ್ಯಾವುದೋ ಗುಳಿಗಳ ಅಳತೆಯ ಮೇಲೆ ನಿಂತಿತ್ತು ಅಂತ ಯೋಚಿಸಿದ್ರೆ ಮಜಾ ಅನ್ಸುತ್ತೆ.

ಆದ್ರೆ ಒಂದು ಎಚ್ಚರಿಕೆ. ಓಆರ್51ಇ2 ಹಳೇ ಕಾಲದ, ಮೀನುಗಳಲ್ಲೂ ಇರೋ ಒಂದನೇ ವರ್ಗದ ರಿಸೆಪ್ಟರ್. ನಮ್ಮ ರಿಸೆಪ್ಟರ್‌ಗಳಲ್ಲಿ ಬಹುಪಾಲು ಎರಡನೇ ವರ್ಗದವು. ಅವುಗಳ ಬಗ್ಗೆ ಸುಳಿವು ಸಿಗೋಕೆ, ಒಂದೇ ಥರದ ಹಲವು ರಿಸೆಪ್ಟರ್‌ಗಳ ಸರಾಸರಿ ತೆಗೆದು ಹೊಸದಾಗಿ ಕಟ್ಟಿದ ಕೃತಕ ರಿಸೆಪ್ಟರ್‌ಗಳ ಚಿತ್ರ 2024ರಲ್ಲಿ ಬಂತು. ಒಂದರ ಚಿತ್ರ ನೋಡಿ 400ರ ಬಗ್ಗೆಯೂ ಮಾತಾಡೋಕೆ ಆಗಲ್ಲ.

ಗ್ಯಾಸ್ ವಾಸನೆಗೆ ಬರೋಣ. ಓಆರ್2ಟಿ11 ಅಂತ ಒಂದು ಎರಡನೇ ವರ್ಗದ ರಿಸೆಪ್ಟರ್ ಇದೆ. ಮರ್ಕ್ಯಾಪ್ಟನ್‌ಗಳಲ್ಲಿ ಚಿಕ್ಕ ಚಿಕ್ಕವಕ್ಕೆ, ಪೈಪ್ ಗ್ಯಾಸ್‌ಗೆ ಸೇರಿಸೋ ಟರ್ಷಿಯರಿ ಬ್ಯುಟೈಲ್ ಮರ್ಕ್ಯಾಪ್ಟನ್ ಕೂಡ ಅದರಲ್ಲಿದೆ, ಇದು ಸ್ಪಂದಿಸುತ್ತೆ ಅಂತ 2016ರಲ್ಲಿ ತೋರಿಸಿದ್ರು. ಇದರಲ್ಲಿ ಒಂದು ಟ್ವಿಸ್ಟ್ ಇದೆ: ತಾಮ್ರ. ಕೋಶಗಳಿಗೆ ತಾಮ್ರದ ಐಯಾನ್ ಸೇರಿಸಿದ್ರೆ ಸ್ಪಂದನೆ ಜೋರಾಗುತ್ತೆ, ತಾಮ್ರವನ್ನ ಕಟ್ಟಿಹಾಕೋ ರಾಸಾಯನಿಕ ಹಾಕಿದ್ರೆ ಕುಸಿಯುತ್ತೆ. ಗಂಧಕಕ್ಕೂ ತಾಮ್ರಕ್ಕೂ ಇರೋ ನಂಟು ನಮಗೆ ಕೆಮಿಸ್ಟ್ರಿಯಲ್ಲೇ ಗೊತ್ತು. ರಿಸೆಪ್ಟರ್ ಮತ್ತು ಗಂಧಕದ ನಡುವೆ ತಾಮ್ರ ಒಂದು ಕೊಂಡಿಯಂತೆ ಕೂರುತ್ತೆ ಅನ್ನೋದು ಇದರ ವಿವರಣೆ. ಇಷ್ಟು ಕಡಿಮೆ ಪ್ರಮಾಣದ ಗಂಧಕದ ಅಣು ನಮಗೆ ಗೊತ್ತಾಗೋದಕ್ಕೆ ಇದೂ ಒಂದು ಕಾರಣ ಇರಬಹುದು. (ಹಾಗಂತ ತಾಮ್ರದ ಚೊಂಬಿನ ನೀರು ಕುಡಿದ್ರೆ ಮೂಗು ಚುರುಕಾಗುತ್ತೆ ಅಂತ ಯಾರೂ ಫಾರ್ವರ್ಡ್ ಮಾಡಬೇಡಿ. ನಾನು ಹಾಗೆ ಹೇಳಿಲ್ಲ.)

ಅಣು ಕೂತ ಮೇಲೆ ಕೋಶದೊಳಗೆ ನಡೆಯೋದು ನಮ್ಮ ಬ್ರಾಂಚ್‌ನವರಿಗೆ ಖುಷಿ ಕೊಡೋ ವಿಷಯ, ಯಾಕಂದ್ರೆ ಅದು ಎರಡು ಹಂತದ ಆಂಪ್ಲಿಫೈಯರ್. ಎಚ್ಚರಗೊಂಡ ಜಿ ಪ್ರೋಟೀನ್ ಅಡಿನೈಲಿಲ್ ಸೈಕ್ಲೇಸ್ ಅನ್ನೋ ಎಂಜೈಮ್‌ನ ಆನ್ ಮಾಡುತ್ತೆ. ಆ ಎಂಜೈಮ್ ಸೈಕ್ಲಿಕ್ ಎಎಂಪಿ ಅಣುಗಳನ್ನ ಒಂದರ ಹಿಂದೆ ಒಂದು ತಯಾರಿಸುತ್ತೆ. ಅವು ಹೋಗಿ ಪೊರೆಯ ಚಾನೆಲ್‌ಗಳನ್ನ ತೆರೀತವೆ, ಸೋಡಿಯಂ ಮತ್ತು ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ. ಮೊದಲ ಹಂತ ಇದು. ಒಳಗೆ ಬಂದ ಕ್ಯಾಲ್ಸಿಯಂ ಇನ್ನೊಂದು ಬಗೆಯ ಚಾನೆಲ್ ತೆರೆದು ಕ್ಲೋರೈಡ್‌ನ ಹೊರಗೆ ಕಳಿಸುತ್ತೆ. ಬೇರೆ ಹೆಚ್ಚಿನ ನರಕೋಶಗಳಲ್ಲಿ ಕ್ಲೋರೈಡ್ ಚಾನೆಲ್ ತೆರೆದ್ರೆ ಕ್ಲೋರೈಡ್ ಒಳಗೆ ಬಂದು ಸಿಗ್ನಲ್ ತಣ್ಣಗಾಗುತ್ತೆ. ಇಲ್ಲಿ ಕೋಶ ಮೊದಲೇ ಕ್ಲೋರೈಡ್ ಕೂಡಿಟ್ಟುಕೊಂಡಿರೋದ್ರಿಂದ ಅದು ಹೊರಗೆ ಹೋಗಿ, ಋಣ ಆವೇಶ ಹೊರಹೋದ ಕಾರಣ ಸಿಗ್ನಲ್ ಇನ್ನೂ ಏರುತ್ತೆ. ಇದು ಎರಡನೇ ಹಂತ. ಆಮೇಲೆ ನರದಲ್ಲಿ ಪಲ್ಸ್‌ಗಳು ಮೆದುಳಿಗೆ ಓಡ್ತವೆ.

ಅದೇ ಕ್ಯಾಲ್ಸಿಯಂ ಇನ್ನೊಂದು ಕೆಲಸಾನೂ ಮಾಡುತ್ತೆ. ಮೊದಲು ತೆರೆದಿದ್ದ ಚಾನೆಲ್‌ಗಳನ್ನ ಸಡಿಲ ಮಾಡಿ ಮುಚ್ಚಿಸುತ್ತೆ. ಅಂದ್ರೆ ಶುದ್ಧ ನೆಗೆಟಿವ್ ಫೀಡ್‌ಬ್ಯಾಕ್. ಅದಕ್ಕೇ ರೂಮ್‌ಗೆ ಬಂದ ಹೊಸದರಲ್ಲಿ ಮೂಗಿಗೆ ಹೊಡೆದ ಸಾಕ್ಸ್ ವಾಸನೆ ಐದು ನಿಮಿಷಕ್ಕೆ ಮಾಯ. ಹಾಸ್ಟೆಲ್‌ನಲ್ಲಿ ಇದು ವರ. ಗ್ಯಾಸ್ ಸೋರಿದಾಗ ಮಾತ್ರ ಶಾಪ. "ಈಗ ವಾಸನೆ ಬರ್ತಿಲ್ಲ" ಅಂದ್ರೆ ಗ್ಯಾಸ್ ಹೋಯ್ತು ಅಂತ ಅರ್ಥ ಅಲ್ಲ, ಮೂಗು ದಣಿದಿರಬಹುದು. ಹೊರಗೆ ಹೋಗಿ. ಗ್ಯಾಸ್ ಸೋರಿಕೆಗೆ 1906 ಅಂತ ಒಂದು ಸಹಾಯವಾಣಿ ನಂಬರ್ ಇದೆ, ಫೋನಲ್ಲಿ ಸೇವ್ ಮಾಡ್ಕೊಳ್ಳಿ. ಫೋನನ್ನೂ ಹೊರಗೆ ಬಂದ ಮೇಲೇ ಮಾಡಿ.

ಇಲ್ಲಿ ತನಕ ಓದಿದವರಿಗೆ ಒಂದು ಸಂಶಯ ಬರಬೇಕು. ರಿಸೆಪ್ಟರ್ 400, ವಾಸನೆಗಳು ಅದಕ್ಕಿಂತ ಎಷ್ಟೋ ಹೆಚ್ಚು. ಹೇಗೆ ಸಾಲುತ್ತೆ? ಉತ್ತರ ಏನಂದ್ರೆ ಒಂದು ರಿಸೆಪ್ಟರ್‌ಗೆ ಒಂದು ವಾಸನೆ ಅಂತ ಇಲ್ಲವೇ ಇಲ್ಲ. ಒಂದು ಅಣು ಹಲವು ರಿಸೆಪ್ಟರ್‌ಗಳನ್ನ ತಟ್ಟುತ್ತೆ, ಒಂದು ರಿಸೆಪ್ಟರ್ ಹಲವು ಅಣುಗಳಿಗೆ ಓಗೊಡುತ್ತೆ. ಬಕ್ ಅವರ ಗುಂಪು 1999ರಲ್ಲಿ ಇದನ್ನ ಚೆನ್ನಾಗಿ ತೋರಿಸಿತು. ವಾಸನೆ ಅಂದ್ರೆ ಯಾವ್ಯಾವ ರಿಸೆಪ್ಟರ್ ಎಷ್ಟೆಷ್ಟು ಆನ್ ಆಯ್ತು ಅನ್ನೋ ಪ್ಯಾಟರ್ನ್. ಆನ್ ಅಥವಾ ಆಫ್ ಅಂತ ಬರೀ ಎರಡೇ ಸ್ಥಿತಿ ಇಟ್ಟುಕೊಂಡ್ರೂ 400 ಬಿಟ್‌ನ ಪದ ಅದು. ಹತ್ತು ಬಿಟ್‌ಗೇ 1024 ಪ್ಯಾಟರ್ನ್ ಆಗುತ್ತೆ, ಮುಂದಿನದು ನೀವೇ ಲೆಕ್ಕ ಹಾಕಿ.

ಈ ಕೋಡ್ ಕಲಸಿಹೋಗದೆ ಇರೋಕೆ ವೈರಿಂಗ್ ಬಹಳ ಶಿಸ್ತಾಗಿದೆ. ಪ್ರತಿ ನರಕೋಶ 400ರಲ್ಲಿ ಒಂದೇ ಜೀನ್ ಆರಿಸಿಕೊಳ್ಳುತ್ತೆ. ಅದರಲ್ಲೂ ಅಪ್ಪನಿಂದ ಬಂದ ಪ್ರತಿ ಅಥವಾ ಅಮ್ಮನಿಂದ ಬಂದ ಪ್ರತಿ, ಎರಡರಲ್ಲಿ ಒಂದು ಮಾತ್ರ. ಒಂದೇ ರಿಸೆಪ್ಟರ್ ಇಟ್ಟುಕೊಂಡ ಕೋಶಗಳು ಪೊರೆಯಲ್ಲಿ ಎಲ್ಲೆಲ್ಲೋ ಚದುರಿದ್ರೂ ಅವುಗಳ ತಂತಿಗಳೆಲ್ಲ ಮೆದುಳಿನ ಮುಂಭಾಗದಲ್ಲಿ ಒಂದೇ ಗಂಟಿಗೆ ಬಂದು ಸೇರ್ತವೆ. ಆ ಗಂಟಿಗೆ ಗ್ಲೊಮೆರುಲಸ್ ಅಂತಾರೆ.

ಪ್ಯಾಟರ್ನ್ ಎಷ್ಟು ಸೂಕ್ಷ್ಮ ಅನ್ನೋದಕ್ಕೆ ನನಗಿಷ್ಟದ ಉದಾಹರಣೆ ಕಾರ್ವೋನ್. ಇದರಲ್ಲಿ ಎಡಗೈ ಬಲಗೈ ಥರ ಎರಡು ರೂಪ. ಪರಮಾಣುಗಳೂ ಅವೇ, ಬಂಧಗಳೂ ಅವೇ, ಕನ್ನಡಿಯ ಬಿಂಬ ಅಷ್ಟೇ. ಒಂದು ರೂಪ ಚೂಯಿಂಗ್ ಗಮ್‌ನ ಸ್ಪಿಯರ್‌ಮಿಂಟ್, ಇನ್ನೊಂದು ಸಬ್ಬಸಿಗೆ ಬೀಜದ ವಾಸನೆ. ರಿಸೆಪ್ಟರ್‌ನ ಗುಳಿಗಳು ಕೈಗವಸಿನಂತೆ ಎಡ ಬಲ ಗುರುತಿಸೋದ್ರಿಂದ ಎರಡಕ್ಕೂ ಬರೋ ಪ್ಯಾಟರ್ನ್ ಬೇರೆ.

ಜೀನ್‌ನಲ್ಲಿ ಸಣ್ಣ ವ್ಯತ್ಯಾಸ ಇದ್ರೆ ಒಬ್ಬೊಬ್ಬರ ಲೋಕವೇ ಬೇರೆ. ನಮ್ಮ ಮೆಸ್‌ನಲ್ಲಿ ಒಬ್ಬ ಗೆಳೆಯ ಚಿತ್ರಾನ್ನದಿಂದ ಕೊತ್ತಂಬರಿ ಸೊಪ್ಪನ್ನ ಒಂದೊಂದೇ ಆರಿಸಿ ಪಕ್ಕಕ್ಕಿಡ್ತಾನೆ, ಸೋಪಿನ ಥರ ಇರುತ್ತೆ ಅಂತ. ನಾವು ನಾಟಕ ಅಂತಿದ್ವಿ. ಓಆರ್6ಎ2 ಜೀನ್ ಹತ್ತಿರದ ಒಂದು ವ್ಯತ್ಯಾಸಕ್ಕೂ ಈ ಸೋಪಿನ ವಾಸನೆಗೂ ನಂಟಿದೆ ಅಂತ 2012ರಲ್ಲೇ ಬಂದಿದೆ. ಪರಿಣಾಮ ಚಿಕ್ಕದು, ಅದೊಂದೇ ಕಾರಣ ಅಂತ ಹೇಳೋಕಾಗಲ್ಲ. ಆದ್ರೂ ಅವನಿಗೆ ನಾನು ಸಾರಿ ಕೇಳಿದೆ.

ಈಗ ಅಜ್ಜಿ ವಿಷಯ. ಕೋವಿಡ್ ವೈರಸ್ ವಾಸನೆಯ ನರಕೋಶಗಳನ್ನೇ ಕೊಲ್ಲುತ್ತೆ ಅಂತ ನಾನು ಅಂದುಕೊಂಡಿದ್ದೆ. ಅದು ಅಷ್ಟು ನೇರ ಅಲ್ಲ. ವೈರಸ್ ಒಳಹೊಕ್ಕೋಕೆ ಬೇಕಾದ ಎಸಿಇ2 ಬಾಗಿಲು ಇರೋದು ನರಕೋಶದಲ್ಲಿ ಅಲ್ಲ, ಅದಕ್ಕೆ ಆಸರೆಯಾಗಿ ನಿಂತ ಪಕ್ಕದ ಕೋಶಗಳಲ್ಲಿ. ಏಟು ಬೀಳೋದು ಅವಕ್ಕೆ. ಆದ್ರೆ ಆ ಗಲಾಟೆಯಲ್ಲಿ ನರಕೋಶಗಳು ತಮ್ಮ ರಿಸೆಪ್ಟರ್ ಜೀನ್‌ಗಳನ್ನ, ಸಿಗ್ನಲ್ ಸಾಗಿಸೋ ಪ್ರೋಟೀನ್‌ಗಳ ಜೀನ್‌ಗಳನ್ನೂ ತಗ್ಗಿಸಿಬಿಡ್ತವೆ ಅಂತ 2022ರಲ್ಲಿ ಹ್ಯಾಮ್‌ಸ್ಟರ್‌ಗಳಲ್ಲಿ ಮತ್ತು ಕೋವಿಡ್‌ನಿಂದ ತೀರಿಕೊಂಡವರ ಮೂಗಿನ ಪೊರೆಯಲ್ಲಿ ಕಂಡುಬಂತು. ಅಂದ್ರೆ ತಂತಿ ಇದೆ, ಮೀಟರ್ ಇದೆ, ಸೆನ್ಸರ್ ಮಾತ್ರ ಬೋರ್ಡಿನ ಮೇಲೆ ಇಲ್ಲ. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಇದು ಸರಿಹೋಗುತ್ತೆ. ಈ ನರಕೋಶಗಳು ಜೀವನಪೂರ್ತಿ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ, ಆದ್ರೆ ವಯಸ್ಸಾದಂತೆ ಆ ವೇಗ ಕಡಿಮೆ. ಅಜ್ಜಿಗೆ ಎಪ್ಪತ್ತಾರು. ಇಎನ್‌ಟಿ ಡಾಕ್ಟರ್ ಕೂಡ ಎರಡೂ ಸೇರಿರಬೇಕು ಅಂದ್ರು.

ನಾನು ಮೊದಲು ಮಾಡಿದ್ದು ಎಂಕ್ಯೂ-6 ಸೆನ್ಸರ್ ತಂದು ಬ್ರೆಡ್‌ಬೋರ್ಡ್ ಮೇಲೆ ಕೂರಿಸಿದ್ದು. ಅದರೊಳಗೆ ಬಿಸಿ ಮಾಡಿದ ಟಿನ್ ಆಕ್ಸೈಡ್ ಇರುತ್ತೆ, ಗ್ಯಾಸ್ ತಾಗಿದ್ರೆ ರೆಸಿಸ್ಟೆನ್ಸ್ ಇಳಿಯುತ್ತೆ. ಇದು ಮರ್ಕ್ಯಾಪ್ಟನ್ ಕಾಯಲ್ಲ, ನೇರವಾಗಿ ಬ್ಯುಟೇನ್, ಪ್ರೊಪೇನ್‌ಗೇ ಸ್ಪಂದಿಸುತ್ತೆ. ಆದ್ರೆ ಸ್ಯಾನಿಟೈಸರ್ ಹತ್ತಿರ ಹಿಡಿದ್ರೂ ರೀಡಿಂಗ್ ಏರ್ತಿತ್ತು. ಏನು ಅಂತ ಕೇಳಿದ್ರೆ ಹೇಳೋಕೆ ಅದಕ್ಕೆ ಬರಲ್ಲ, ಪಾಪ ಒಂದೇ ರಿಸೆಪ್ಟರ್ ಇರೋ ಮೂಗು ಅದು. ನನ್ನ ಸೋಲ್ಡರಿಂಗ್ ಮೇಲೆ ಅಜ್ಜಿ ಜೀವ ಬಿಡೋದು ಸರಿ ಕಾಣಲಿಲ್ಲ, ರೆಡಿಮೇಡ್ ಅಲಾರಂ ತಂದು ಅಡುಗೆಮನೆ ಗೋಡೆಗೆ ನೆಲದಿಂದ ಒಂದಡಿ ಎತ್ತರದಲ್ಲಿ ಹಾಕಿದ್ವಿ. ನನ್ನದು ಮಿನಿ ಪ್ರಾಜೆಕ್ಟ್ ಆಗಿ ಲ್ಯಾಬ್‌ನಲ್ಲಿದೆ.

ಎರಡನೇದು ಡಾಕ್ಟರ್ ಹೇಳಿದ ಅಭ್ಯಾಸ. ಜರ್ಮನಿಯ ಡ್ರೆಸ್‌ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ 2009ರಲ್ಲಿ ಪ್ರಕಟಿಸಿದ ಪದ್ಧತಿ: ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕನ್ನ ದಿನಕ್ಕೆ ಎರಡು ಸಲ, ಮನಸ್ಸಿಟ್ಟು ಮೂಸೋದು, ಕನಿಷ್ಠ ಮೂರು ತಿಂಗಳು. ಎಲ್ಲರಿಗೂ ಫಲ ಕೊಡುತ್ತೆ ಅಂತಿಲ್ಲ, ಖರ್ಚೂ ಇಲ್ಲ. ಅಜ್ಜಿ ಹಾರ್ಲಿಕ್ಸ್‌ನ ನಾಲ್ಕು ಹಳೇ ಬಾಟಲಿಗಳಲ್ಲಿ ಹಾಕಿಟ್ಟುಕೊಂಡು ಬೆಳಿಗ್ಗೆ ಪೂಜೆ ಆದ ಮೇಲೆ ಮತ್ತು ರಾತ್ರಿ ಸೀರಿಯಲ್ ನಡುವಿನ ಜಾಹೀರಾತಿನಲ್ಲಿ ಮಾಡ್ತಿದ್ದಾರೆ.

ಹೋದ ವಾರ ಫೋನ್ ಮಾಡಿದಾಗ ಅಜ್ಜಿ ಹೇಳಿದ್ರು, "ಲವಂಗದ ಬಾಟ್ಲಿ ತೆಗೆದ್ರೆ ಏನೋ ಬರುತ್ತೆ ಕಣೋ. ಆದ್ರೆ ಲವಂಗದ ಥರ ಇಲ್ಲ. ಸುಟ್ಟ ರಬ್ಬರ್ ಥರ ಇದೆ." ಅಮ್ಮ ಪಕ್ಕದಿಂದ ಬಾಟ್ಲಿ ಕೆಟ್ಟಿರಬೇಕು ಅಂತ ಕೂಗ್ತಿದ್ರು. ನನಗೆ ಮಾತ್ರ ಕೂತಲ್ಲೇ ಕುಣಿಯೋ ಹಾಗಾಯ್ತು. ಲವಂಗದ ಪ್ಯಾಟರ್ನ್‌ಗೆ ಬೇಕಾದ ರಿಸೆಪ್ಟರ್‌ಗಳಲ್ಲಿ ಕೆಲವು ಮಾತ್ರ ಬೋರ್ಡಿಗೆ ವಾಪಸ್ ಬಂದಿದ್ರೆ ಮೆದುಳಿಗೆ ಹೋಗೋದು ಅರ್ಧಂಬರ್ಧ ಕೋಡ್, ಅದನ್ನ ಅದು ಇನ್ನೇನೋ ಅಂತ ಓದುತ್ತೆ. ವಾಸನೆ ಹೀಗೆ ತಿರುಚಿ ಬರೋದಕ್ಕೆ ಕೊಡೋ ವಿವರಣೆಗಳಲ್ಲಿ ಇದೂ ಒಂದು. "ಬಾಟ್ಲಿ ಬದಲಾಯಿಸಬೇಡಿ ಅಜ್ಜಿ, ಅದನ್ನೇ ಮೂಸ್ತಾ ಇರಿ" ಅಂದೆ.

"ರಬ್ಬರನ್ನಾ?" ಅಂದ್ರು.